ಓಡಿಹೋಗುವ ಹುಡುಗರ ಸಿನಿಮಾ: ಕ್ರೈಂ ಡ್ರಾಮಾ ಅಂದರೆ ಏನು, ಅದರಲ್ಲಿ ನಮ್ಮೂರು ಯಾಕೆ ಕಾಣಿಸುತ್ತದೆ?

ಬಳ್ಳಾರಿಯಲ್ಲಿ ಶುಕ್ರವಾರ ಬಂತೆಂದರೆ ಕನ್ನಡದ ಕಟೌಟಿನ ಪಕ್ಕದಲ್ಲೇ ತೆಲುಗಿನ ಕಟೌಟೂ ನಿಲ್ಲುತ್ತದೆ. ಈಗೀಗ ಎರಡರಲ್ಲೂ ಒಂದೇ ಥರದ ಕಥೆ ಜಾಸ್ತಿ. ನಾಲ್ಕೈದು ಜನ ಹುಡುಗರು, ಒಬ್ಬಳೋ ಇಬ್ಬರೋ ಹುಡುಗಿಯರು. ಕೈಯಲ್ಲಿ ಕೆಲಸ ಇಲ್ಲ, ಊರಲ್ಲಿ ನೆಮ್ಮದಿ ಇಲ್ಲ. ಹೇಗಾದರೂ ಮಾಡಿ ಇಲ್ಲಿಂದ ಪಾರಾಗಬೇಕು ಅಂತ ಒಂದು ತಪ್ಪು ಕೆಲಸಕ್ಕೆ ಕೈ ಹಾಕುತ್ತಾರೆ. ಅಲ್ಲಿಂದ ಓಟ ಶುರು. ಪೋಸ್ಟರ್ ಮೇಲೆ ಇದಕ್ಕೆ 'ಕ್ರೈಂ ಡ್ರಾಮಾ' ಅಂತ ಬರೆದಿರುತ್ತಾರೆ.

ಮನೆಯಲ್ಲಿ ದೊಡ್ಡವರದು ಒಂದೇ ದೂರು: "ಇಂಥವನ್ನ ನೋಡೇ ಹುಡುಗರು ಕೆಡೋದು." ಆಟ ಬಿಟ್ಟ ಮೇಲೆ ಒಗ್ಗರಣಿ-ಮಿರ್ಚಿ ತಿನ್ನುತ್ತಾ ನಿಂತ ಹುಡುಗರ ಮಾತು ಬೇರೆ: "ಲೇ, ಇದು ನಮ್ ಕಥಿನೇ ಐತಲ್ಲೋ." ಇವರಲ್ಲಿ ಯಾರ ಮಾತು ಎಷ್ಟು ನಿಜ ಅಂತ ತಿಳಿಯಬೇಕಾದರೆ ಈ ಬಗೆಯ ಸಿನಿಮಾ ಎಲ್ಲಿಂದ ಬಂತು, ಹೇಗೆ ಕಟ್ಟುತ್ತಾರೆ ಅಂತ ಮೊದಲಿಂದ ನೋಡಬೇಕು.

## ಕೊಲೆಗಾರ ಯಾರು ಅನ್ನುವುದು ಇಲ್ಲಿ ಮುಖ್ಯವಲ್ಲ

ಅಪರಾಧದ ಸಿನಿಮಾಗಳೆಲ್ಲ ಒಂದೇ ಅಲ್ಲ. ಪತ್ತೇದಾರಿ ಸಿನಿಮಾದಲ್ಲಿ ಕೊಲೆ ಮಾಡಿದ್ದು ಯಾರು ಅಂತ ಕೊನೆಯವರೆಗೂ ಬಚ್ಚಿಡುತ್ತಾರೆ. ಥ್ರಿಲ್ಲರ್‌ನಲ್ಲಿ ಮುಂದೇನಾಗುತ್ತೋ ಅನ್ನುವ ಆತಂಕ. ಆ್ಯಕ್ಷನ್ ಸಿನಿಮಾದಲ್ಲಿ ಗೆಲ್ಲುವುದು ಯಾರು ಅಂತ ಟಿಕೆಟ್ ತಗೊಳ್ಳುವಾಗಲೇ ಗೊತ್ತಿರುತ್ತದೆ. ಕ್ರೈಂ ಡ್ರಾಮಾದಲ್ಲಿ ತಪ್ಪು ಮಾಡುವವನು ಶುರುವಿನಿಂದಲೇ ಕಣ್ಣೆದುರು ಇರುತ್ತಾನೆ. ಅವನು ಆ ತಪ್ಪಿನವರೆಗೆ ನಡೆದು ಬಂದದ್ದು ಹೇಗೆ ಅನ್ನುವುದೇ ಕಥೆ.

ಹಾಗಾಗಿ ಇಲ್ಲಿ ಅಪರಾಧಕ್ಕೆ ಸಿಗುವ ಹೊತ್ತು ಕಡಿಮೆ. ಮನೆ ಬಾಡಿಗೆ ಬಾಕಿ, ಅಕ್ಕನ ಮದುವೆಯ ಸಾಲ, ಗೆಳೆಯನ ಹೊಸ ಬೈಕು, ಠಾಣೆಯಲ್ಲಿ ಬಿದ್ದ ಮೊದಲ ಏಟು, ಇವಕ್ಕೆ ಹೊತ್ತು ಜಾಸ್ತಿ. 2007ರಲ್ಲಿ ಬಂದ 'ದುನಿಯಾ' ನೆನಪಿಸಿಕೊಳ್ಳಿ. ಸೂರಿ ನಿರ್ದೇಶನದ ಆ ಸಿನಿಮಾದ ನಾಯಕ ಕಲ್ಲು ಕ್ವಾರಿಯಲ್ಲಿ ದುಡಿಯುವ ಹುಡುಗ. ಅವನು ಬೆಂಗಳೂರಿಗೆ ಬರುವುದು ರೌಡಿ ಆಗುವುದಕ್ಕಲ್ಲ. ಅದೇ ವರ್ಷದ 'ಆ ದಿನಗಳು' ಅಗ್ನಿ ಶ್ರೀಧರ್ ಅವರ ಅನುಭವದ ಬರಹ ಆಧರಿಸಿದ್ದು. ಅಲ್ಲಿ ಪ್ರೀತಿಯಲ್ಲಿ ಬಿದ್ದ ಹುಡುಗನೊಬ್ಬ ಭೂಗತ ಲೋಕದ ಕೊಲೆ ಸಂಚಿನೊಳಗೆ ಸಿಕ್ಕಿಕೊಳ್ಳುತ್ತಾನೆ. ಎರಡರಲ್ಲೂ ಮೊದಲ ಹೆಜ್ಜೆ ತೀರಾ ಸಣ್ಣದು. ನಮ್ಮ ನಿಮ್ಮಂಥವರೂ ಇಡಬಹುದಾದಷ್ಟು ಸಣ್ಣದು. ನೋಡುವವರಿಗೆ ಕಸಿವಿಸಿ ಆಗುವುದು ಅಲ್ಲೇ.

## ಐದು ಜನ ಗೆಳೆಯರು, ಒಂದು ಬಸ್ಸು

ಮನುಷ್ಯ ತಪ್ಪು ದಾರಿ ಹಿಡಿಯುವುದು ಹುಟ್ಟುಗುಣದಿಂದ ಅಂತ ಒಂದು ಕಾಲದಲ್ಲಿ ದೊಡ್ಡ ದೊಡ್ಡ ಪಂಡಿತರೂ ನಂಬಿದ್ದರು. 1938ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಒಂದು ಲೇಖನ ಬರೆದು ಬೇರೆ ಕಡೆ ಬೆರಳು ತೋರಿಸಿದರು. ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸುತ್ತದೆ: ದುಡ್ಡು ಮಾಡು, ಮನೆ ಕಟ್ಟು, ನಾಲ್ಕು ಜನರ ಮುಂದೆ ತಲೆ ಎತ್ತಿ ನಿಲ್ಲು. ಆದರೆ ಅಲ್ಲಿಗೆ ಹೋಗುವ ದಾರಿಯನ್ನು ಎಲ್ಲರಿಗೂ ಕೊಡುವುದಿಲ್ಲ. ಹೀಗೆ ನಡುವೆ ಸಿಕ್ಕಿಕೊಂಡವರು ಐದು ಥರ ನಡೆದುಕೊಳ್ಳುತ್ತಾರೆ ಅನ್ನುವುದು ಅವರ ವಾದ.

ಹಬ್ಬ ಮುಗಿದ ಮರುದಿನ ರಾಯಚೂರಿನ ಬಸ್ ನಿಲ್ದಾಣ ಅಂದುಕೊಳ್ಳಿ. ಬೆಂಗಳೂರಿನ ರಾತ್ರಿ ಬಸ್ಸು ಬಂದು ನಿಂತಿದೆ. ಇರುವ ಸೀಟಿನ ನಾಲ್ಕು ಪಟ್ಟು ಜನ ಕಾಯುತ್ತಿದ್ದಾರೆ. ಒಬ್ಬ ಸಾಲಿನಲ್ಲಿ ನಿಂತು ತನ್ನ ಪಾಳಿಗೆ ಕಾಯುತ್ತಾನೆ. ಇನ್ನೊಬ್ಬ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾನೆ. ಮೂರನೆಯವನು ದಿನಾ ಬಂದು ಸಾಲಿನಲ್ಲಿ ನಿಲ್ಲುತ್ತಾನೆ, ಆದರೆ ಬಸ್ಸು ಹತ್ತುವ ಆಸೆ ಬಿಟ್ಟು ಎಷ್ಟೋ ಕಾಲವಾಗಿದೆ. ನಿಲ್ಲುವುದೊಂದು ರೂಢಿ, ಅಷ್ಟೆ. ನಾಲ್ಕನೆಯವನು ನಿಲ್ದಾಣದ ಹಿಂದೆ ಕುಡಿದು ಮಲಗಿದ್ದಾನೆ. ಅವನಿಗೆ ಬಸ್ಸೂ ಬೇಡ, ಬೆಂಗಳೂರೂ ಬೇಡ. ಐದನೆಯವನು ಬಸ್ಸಿಗೆ ಅಡ್ಡ ಕೂತಿದ್ದಾನೆ: "ನಮ್ ಮಂದಿ ಯಾಕ್ರೀ ಅಲ್ಲಿಗೆ ಹೋಗ್ಬೇಕು? ಕೆಲಸ ಇಲ್ಲೇ ಕೊಡ್ರಿ."

ಟವೆಲ್ ಎಸೆದವನೇ ಕ್ರೈಂ ಡ್ರಾಮಾದ ನಾಯಕ. ಅವನಿಗೂ ಸಾಲಿನಲ್ಲಿ ನಿಂತವನಿಗೂ ಹೋಗಬೇಕಾದ ಊರು ಒಂದೇ ಅನ್ನುವುದನ್ನು ಗಮನಿಸಿ. ಅವನು ಸಮಾಜವನ್ನು ಧಿಕ್ಕರಿಸಿದವನಲ್ಲ. ಸಮಾಜ ಹೇಳಿದ್ದನ್ನು ತುಸು ಜಾಸ್ತಿಯೇ ನಂಬಿದವನು. ಒಳ್ಳೆಯ ಚಿತ್ರಕಥೆಯಲ್ಲಿ ಉಳಿದ ನಾಲ್ವರೂ ಅವನ ಸುತ್ತಲೇ ಓಡಾಡುತ್ತಿರುತ್ತಾರೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಲೇ ಇರುವ ಗೆಳೆಯ, ನಿವೃತ್ತಿಯವರೆಗೆ ಒಂದೇ ಕುರ್ಚಿಯಲ್ಲಿ ಕೂತ ಅಪ್ಪ, ಕುಡಿತಕ್ಕೆ ಬಿದ್ದ ಅಣ್ಣ, ಧರಣಿಗೆ ಹೋಗುವ ಹುಡುಗಿ. ಮುಂದಿನ ಸಲ ಇಂಥ ಸಿನಿಮಾಗೆ ಹೋದಾಗ ಹುಡುಕಿ ನೋಡಿ, ಬಹುಪಾಲು ಸಿಗುತ್ತಾರೆ.

ಹುಡುಗರೇ ಯಾಕೆ ಅನ್ನುವ ಪ್ರಶ್ನೆಗೆ ಇನ್ನೊಂದು ಸರಳ ಉತ್ತರವೂ ಇದೆ. ಅಪರಾಧ ಮಾಡುವ ಪ್ರಮಾಣ ಯೌವನದಲ್ಲಿ ಏರಿ, ವಯಸ್ಸಾದಂತೆ ಇಳಿಯುತ್ತದೆ. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಇದನ್ನು 1831ರಲ್ಲೇ ಫ್ರಾನ್ಸ್‌ನ ನ್ಯಾಯಾಲಯದ ಲೆಕ್ಕಗಳಿಂದ ಗುರುತಿಸಿದ್ದರು. ಹೆಚ್ಚಿನವರು ಮದುವೆ, ಮಕ್ಕಳು, ಖಾಯಂ ಕೆಲಸ ಅಂತಾದ ಮೇಲೆ ಸುಮ್ಮನಾಗುತ್ತಾರೆ. ಸಿನಿಮಾ ಹಿಡಿಯುವುದು ಅದಕ್ಕೆ ಮುಂಚಿನ ಕೆಲವೇ ವರ್ಷಗಳನ್ನು.

## ಏರಿದಾಗಲೂ ಕಷ್ಟ, ಇಳಿದಾಗಲೂ ಕಷ್ಟ

ಮರ್ಟನ್‌ಗಿಂತ ಮೊದಲೇ, 1897ರಲ್ಲಿ, ಫ್ರಾನ್ಸ್‌ನ ಎಮಿಲ್ ದುರ್ಖೈಮ್ ಇನ್ನೊಂದು ಸಂಗತಿ ಹೇಳಿದ್ದರು. ಆರ್ಥಿಕ ಕುಸಿತ ಬಂದಾಗ ಜನ ಕಂಗೆಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ದಿಢೀರನೆ ದುಡ್ಡು ಹರಿದು ಬಂದಾಗಲೂ ಜನ ಅಷ್ಟೇ ಕಂಗೆಡುತ್ತಾರೆ ಅಂತ ಅವರು ಯುರೋಪಿನ ಲೆಕ್ಕಗಳನ್ನಿಟ್ಟು ತೋರಿಸಿದರು. ಎಷ್ಟು ಸಿಕ್ಕರೆ ಸಾಕು ಅನ್ನುವ ಹಳೆಯ ಅಳತೆ ಆಗ ಮುರಿದು ಬೀಳುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ. ಈ ಸ್ಥಿತಿಯನ್ನು ಅವರು 'ಅನೋಮಿ' ಅಂತ ಕರೆದರು.

ಇದನ್ನು ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಶತಮಾನದ ಶುರುವಿನಲ್ಲಿ ಚೀನಾ ಉಕ್ಕಿಗಾಗಿ ಹಾತೊರೆಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಕಟ್ಟಡಗಳು ಏಳುತ್ತಿದ್ದವು. ಇಲ್ಲಿ ಕಬ್ಬಿಣದ ಅದಿರಿನ ಬೆಲೆ ಏರುತ್ತಲೇ ಹೋಯಿತು. ಹೊಲ ಅಡ ಇಟ್ಟು, ಫೈನಾನ್ಸ್‌ನಲ್ಲಿ ಸಾಲ ಮಾಡಿ ಟಿಪ್ಪರ್ ತಂದ ಹುಡುಗರು ಊರೂರಲ್ಲೂ ಇದ್ದರು. ಎಷ್ಟು ಟ್ರಿಪ್ ಹೊಡೆದರೆ ಅಷ್ಟು ದುಡ್ಡು. ಲೋಡು ಜಾಸ್ತಿ ಹಾಕಿದರೆ ಇನ್ನಷ್ಟು. ಹಗಲೂ ರಾತ್ರಿ ಲಾರಿ ಸಾಲು. ರಸ್ತೆ ಬದಿಯ ಬೇವಿನ ಎಲೆ ಹಸಿರು ಬಿಟ್ಟು ಕೆಂಪಾಗಿತ್ತು. ಡಿಗ್ರಿ ಓದಿದವನು ತಿಂಗಳೆಲ್ಲ ದುಡಿದು ತರುವುದನ್ನು ಟಿಪ್ಪರ್ ಇದ್ದವನು ವಾರದಲ್ಲಿ ಎಣಿಸುತ್ತಿದ್ದ. ಕಾಲೇಜಿಗೆ ಹೋಗು ಅಂತ ಮಗನಿಗೆ ಹೇಳಲು ಅಪ್ಪನ ಹತ್ತಿರ ಯಾವ ಕಾರಣ ಉಳಿದಿತ್ತು?

ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2008ರಲ್ಲಿ ಒಂದು ವರದಿ ಕೊಟ್ಟರು, 2011ರ ಜುಲೈನಲ್ಲಿ ಇನ್ನೊಂದು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕಾಡು, ನೀರು, ಕಾನೂನು ಎಲ್ಲ ಲೆಕ್ಕ ಹಾಕಿದರೆ ನಿಲ್ಲಲೇಬೇಕಿತ್ತು. ಲಾರಿಗಳು ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ನಿಯಮ ಪಾಲಿಸಿದ ಗಣಿಗಳು ಆಮೇಲೆ ಹಂತ ಹಂತವಾಗಿ ಬಾಗಿಲು ತೆರೆದವು, ಆದರೆ ಹಳೆಯ ಓಟ ಮರಳಲಿಲ್ಲ.

ಹತ್ತೇ ವರ್ಷದೊಳಗೆ ದುರ್ಖೈಮ್ ಹೇಳಿದ ಏರಿಕೆಯೂ ಆಯಿತು, ಇಳಿಕೆಯೂ ಆಯಿತು. ಹಾಗಂತ ಆ ಹುಡುಗರೆಲ್ಲ ಕಳ್ಳರಾದರಾ? ಇಲ್ಲ. ಎಷ್ಟೋ ಜನ ಹೊಲಕ್ಕೆ ಮರಳಿದರು, ಬಾಡಿಗೆ ಗಾಡಿ ಓಡಿಸಿದರು, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಿಗೆ ಸೇರಿದರು. ರಾಯಚೂರು, ಕೊಪ್ಪಳದ ಕಡೆ ಮಳೆ ಕೈಕೊಟ್ಟ ವರ್ಷ ಇಡೀ ಕುಟುಂಬಗಳೇ ಬೆಂಗಳೂರಿಗೆ ಗುಳೆ ಹೋಗುತ್ತವೆ. ಅದೂ ಪಾರಾಗುವ ದಾರಿಯೇ, ಆದರೆ ಅದರಲ್ಲಿ ಚೇಸಿಂಗ್ ಇಲ್ಲ. ಸಿನಿಮಾದವರಿಗೆ ಬೇಕಾಗುವುದು ಬೇರೆ ದಾರಿ ಹಿಡಿದ ಆ ಒಬ್ಬ ಹುಡುಗ ಮಾತ್ರ. ಆ ಒಬ್ಬನನ್ನೇ ನೋಡಿ ಇಡೀ ಊರನ್ನು ಅಳೆಯುವುದು ತಪ್ಪು.

ಗಣಿ ಮೇಲೆ ಸಿನಿಮಾ ಬಂದಿಲ್ಲ ಅಂತಲ್ಲ. 2010ರ 'ಪೃಥ್ವಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಬಳ್ಳಾರಿಯ ಜಿಲ್ಲಾಧಿಕಾರಿ. ಅಲ್ಲಿ ಕಥೆ ಅಧಿಕಾರಿಯ ಕಣ್ಣಿನಿಂದ ನಡೆಯುತ್ತದೆ, ಅದಕ್ಕೇ ಅದು ನ್ಯಾಯ-ಅನ್ಯಾಯದ ಹೋರಾಟ ಆಗುತ್ತದೆ. ಅದೇ ಗಣಿ, ಅದೇ ಧೂಳನ್ನು ಟಿಪ್ಪರ್ ಕ್ಲೀನರ್ ಹುಡುಗನ ಕಣ್ಣಿನಿಂದ ತೋರಿಸಿದ್ದರೆ ಕ್ರೈಂ ಡ್ರಾಮಾ ಆಗುತ್ತಿತ್ತು.

## ಎಲ್ಲೆಲ್ಲಿ ಗದ್ದಲವೋ ಅಲ್ಲಲ್ಲಿ

ಇಂಥ ಸಿನಿಮಾಗಳು ಜಾಸ್ತಿ ಬಂದ ಕಾಲಗಳನ್ನು ನೋಡಿದರೆ, ಹಿಂದೆ ಏನೋ ಒಂದು ಬಿರುಕು ಕಾಣುತ್ತದೆ. ಅಮೆರಿಕದಲ್ಲಿ 1929ರಲ್ಲಿ ಷೇರುಪೇಟೆ ಕುಸಿಯಿತು, ಬ್ಯಾಂಕುಗಳು ಮುಳುಗಿದವು, ಮೇಲಿಂದ ಪಾನನಿಷೇಧ ಬೇರೆ. 1931ರಲ್ಲಿ 'ಲಿಟ್ಲ್ ಸೀಸರ್', 'ದ ಪಬ್ಲಿಕ್ ಎನಿಮಿ' ಎಂಬ ಗ್ಯಾಂಗ್‌ಸ್ಟರ್ ಸಿನಿಮಾಗಳು ಬಂದು ಜನ ಮುಗಿಬಿದ್ದರು.

ನಮ್ಮಲ್ಲಿ 1974ರ ಮೇ ತಿಂಗಳಲ್ಲಿ ರೈಲ್ವೆ ಮುಷ್ಕರ. ಬಿಹಾರದಲ್ಲಿ ಜಯಪ್ರಕಾಶ್ ನಾರಾಯಣರ ಚಳವಳಿ. ಬೆಲೆ ಏರಿಕೆ, ನಿರುದ್ಯೋಗ. ಆ ಬಿಸಿಯಲ್ಲೇ 1975ರ ಜನವರಿಯಲ್ಲಿ ಹಿಂದಿಯ 'ದೀವಾರ್' ತೆರೆಕಂಡಿತು. ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಆ ಕಥೆಯ ನಾಯಕ ಕಾರ್ಮಿಕ ನಾಯಕನ ಮಗ, ಬಂದರಿನಲ್ಲಿ ಕೂಲಿ, ಆಮೇಲೆ ಸ್ಮಗ್ಲರ್. ಸ್ಮಗ್ಲರೇ ಯಾಕೆ? 1968ರ ಚಿನ್ನ ನಿಯಂತ್ರಣ ಕಾಯ್ದೆಯಿಂದ ಚಿನ್ನದ ವ್ಯವಹಾರಕ್ಕೆ ಬಿಗಿ ಬಿದ್ದಿತ್ತು, ಹೊರಗಿಂದ ತರುವುದಕ್ಕೂ ಅಡ್ಡಿ ಇತ್ತು. ಹಾಗಾಗಿ ಕಳ್ಳಸಾಗಣೆಯಲ್ಲಿ ಭಾರಿ ಲಾಭ. 1990ರಲ್ಲಿ ಕಾಯ್ದೆ ಹೋಯಿತು, ಮರುವರ್ಷ ಆರ್ಥಿಕತೆ ತೆರೆದುಕೊಂಡಿತು. ತೆರೆಯ ಮೇಲೂ ಚಿನ್ನದ ಸ್ಮಗ್ಲರ್ ಮರೆಯಾಗುತ್ತಾ ಬಂದ, ಅವನ ಜಾಗಕ್ಕೆ ನಗರದ ರೌಡಿ ಬಂದ. ಕನ್ನಡದಲ್ಲಿ 1995ರ 'ಓಂ' ಆ ಕಾಲದ್ದು. ಉಪೇಂದ್ರ ನಿರ್ದೇಶನ, ಶಿವರಾಜ್‌ಕುಮಾರ್ ನಾಯಕ. ಪುರೋಹಿತರ ಮನೆಯ ಹುಡುಗ ಮಚ್ಚು ಹಿಡಿಯುವ ಕಥೆ.

ಹೊರಗಿನ ಎರಡನ್ನು ಹೇಳಿ ಮುಂದೆ ಹೋಗುತ್ತೇನೆ. 1995ರ ಫ್ರೆಂಚ್ ಸಿನಿಮಾ 'ಲಾ ಹೇನ್' ಪ್ಯಾರಿಸ್ ಹೊರವಲಯದಲ್ಲಿ ಗಲಭೆ ನಡೆದ ಮೇಲೆ ಮೂವರು ಗೆಳೆಯರು ಕಳೆಯುವ ಒಂದು ದಿನದ ಕಥೆ. 2002ರ ಬ್ರೆಜಿಲ್ ಸಿನಿಮಾ 'ಸಿಟಿ ಆಫ್ ಗಾಡ್', ರಿಯೊ ನಗರದ ಬಡವರನ್ನು ತಂದು ನೆಲೆಗೊಳಿಸಿದ ಬಡಾವಣೆಯೊಂದರದ್ದು. ಅದರ ಹೆಚ್ಚಿನ ನಟರು ಕ್ಯಾಮೆರಾ ಮುಂದೆ ಹಿಂದೆಂದೂ ನಿಲ್ಲದ, ಅಂಥದೇ ಕೇರಿಗಳ ಹುಡುಗರು.

ಬಳ್ಳಾರಿ, ರಾಯಚೂರಿನ ಪ್ರೇಕ್ಷಕರಿಗೆ ತೆಲುಗಿನ ಫ್ಯಾಕ್ಷನ್ ಸಿನಿಮಾಗಳೂ, ಅಂದರೆ ರಾಯಲಸೀಮೆಯ ಮನೆತನಗಳ ಹಗೆಯ ಕಥೆಗಳೂ, ಮನೆಯವೇ. ಬಳ್ಳಾರಿಗೆ ಆ ಸೀಮೆ ಹತ್ತಿರವಾದದ್ದು ಸುಮ್ನೆ ಗಡಿ ಪಕ್ಕ ಇರುವುದರಿಂದ ಅಷ್ಟೇ ಅಲ್ಲ. 1800ರಲ್ಲಿ ಹೈದರಾಬಾದ್ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿ, ಕಡಪಾ, ಅನಂತಪುರ ಎಲ್ಲ ಒಟ್ಟಿಗೇ ಇದ್ದವು. ಅಲ್ಲಿನ ಪಾಳೆಯಗಾರರ ತೋಳ್ಬಲ ಮುರಿದವನು ಕಲೆಕ್ಟರ್ ಥಾಮಸ್ ಮನ್ರೋ. ಬಳ್ಳಾರಿ ಮದ್ರಾಸ್‌ನಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಆದರೆ ಫ್ಯಾಕ್ಷನ್ ಸಿನಿಮಾಗೂ ನಾವು ಮಾತಾಡುತ್ತಿರುವ ಬಗೆಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಹುಡುಗನಿಗೆ ಅಪ್ಪ-ತಾತನ ಹಗೆ ಆಸ್ತಿಯಾಗಿ ಬಂದಿರುತ್ತದೆ, ಅದರಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಾನೆ. ಇಲ್ಲಿ ಹುಡುಗನಿಗೆ ಏನೂ ಬಂದಿರುವುದಿಲ್ಲ. ಆ ಏನೂ ಇಲ್ಲದಿರುವುದರಿಂದಲೇ ಓಡುತ್ತಾನೆ.

## ಕೊನೆಗೆ ಸಿಕ್ಕಿಬೀಳುವುದು ಯಾಕೆ?

ಬಹುತೇಕ ಎಲ್ಲ ಕಥೆಗಳಲ್ಲೂ ಓಡಿದವರು ಸಾಯುತ್ತಾರೆ ಇಲ್ಲವೇ ಸಿಕ್ಕಿಬೀಳುತ್ತಾರೆ. ಇದರ ಹಿಂದೆ ಒಂದು ಹಳೆಯ ನಿಯಮ ಇದೆ. ಸರ್ಕಾರದ ಸೆನ್ಸಾರ್ ಬಂದೀತು ಅಂತ ಹೆದರಿದ ಹಾಲಿವುಡ್ 1930ರಲ್ಲಿ ತನಗೆ ತಾನೇ ಒಂದು ಸಂಹಿತೆ ಬರೆದುಕೊಂಡಿತು. 1934ರಿಂದ ಅದು ಬಿಗಿಯಾಗಿ ಜಾರಿಗೆ ಬಂತು. ಪ್ರೇಕ್ಷಕರ ಮರುಕ ಅಪರಾಧದ ಕಡೆ ವಾಲಬಾರದು ಅನ್ನುವುದು ಅದರ ತಿರುಳು. ಅಂದರೆ ಕಥೆ ಹೇಗೇ ಇರಲಿ, ಕೊನೆಗೆ ಶಿಕ್ಷೆ ಆಗಲೇಬೇಕು. 1968ರಲ್ಲಿ ಸಂಹಿತೆ ಹೋಗಿ ವಯಸ್ಸಿನ ಮೇಲೆ ವರ್ಗೀಕರಣ ಬಂತು. ಸಂಹಿತೆ ಹೋದರೂ ಅಭ್ಯಾಸ ಉಳಿಯಿತು. ನಮ್ಮ ಸೆನ್ಸಾರ್‌ನ 1991ರ ಮಾರ್ಗಸೂಚಿಯೂ ಹಿಂಸೆಯಂಥ ಸಮಾಜವಿರೋಧಿ ಕೆಲಸಗಳನ್ನು ವೈಭವೀಕರಿಸಬಾರದು, ಸಮರ್ಥಿಸಬಾರದು ಅನ್ನುತ್ತದೆ.

ಬರೀ ನಿಯಮದ ಭಯ ಅಂದರೂ ಪೂರ್ತಿ ಸರಿಯಲ್ಲ. 'ಸಿಟಿ ಆಫ್ ಗಾಡ್'ನಲ್ಲಿ ಕಥೆ ಹೇಳುವ ಹುಡುಗ ನಿಜಕ್ಕೂ ಪಾರಾಗುತ್ತಾನೆ. ಹೇಗೆ? ಅವನ ಕೈಗೆ ಕ್ಯಾಮೆರಾ ಸಿಗುತ್ತದೆ, ಅವನು ತೆಗೆದ ಫೋಟೊಗಳು ಪತ್ರಿಕೆಗೆ ಬೇಕಾಗುತ್ತವೆ. ಉಳಿದವರ ಕೈಗೆ ಬಂದೂಕು ಸಿಕ್ಕಿತ್ತು. ಒಳ್ಳೆಯ ನಿರ್ದೇಶಕರು ಇಂಥ ಸಣ್ಣ ಕವಲುಗಳನ್ನು ಹುಡುಕುತ್ತಾರೆ. ಸಾಧಾರಣದವರು ಕ್ಲೈಮ್ಯಾಕ್ಸ್‌ನಲ್ಲಿ ನಾಲ್ಕು ಗುಂಡು ಹಾರಿಸಿ ಲೈಟ್ ಹಾಕಿಸುತ್ತಾರೆ.

## ನೋಡಿದರೆ ಕೆಡುತ್ತಾರಾ?

2009ರಲ್ಲಿ ಗಾರ್ಡನ್ ಡಾಲ್ ಮತ್ತು ಸ್ಟೆಫಾನೊ ಡೆಲ್ಲಾವಿನ್ಯಾ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಸುಮಾರು ಹತ್ತು ವರ್ಷಗಳ ಲೆಕ್ಕ ತೆಗೆದು ನೋಡಿದರು. ಹಿಂಸೆ ಜಾಸ್ತಿ ಇರುವ ಸಿನಿಮಾ ತುಂಬಿದ ಪ್ರದರ್ಶನ ಕಂಡ ದಿನಗಳಲ್ಲಿ ಹಲ್ಲೆ ಪ್ರಕರಣಗಳು ಏರಿರಲಿಲ್ಲ, ಇಳಿದಿದ್ದವು. ಕಾರಣ ತೀರಾ ಸರಳ. ಜಗಳಕ್ಕೆ ನಿಲ್ಲಬಹುದಾದ ಹುಡುಗರು ಆ ಹೊತ್ತಿಗೆ ಥಿಯೇಟರ್ ಒಳಗೆ ಕೂತಿದ್ದರು, ಬಾರ್‌ನಲ್ಲಿ ಇರಲಿಲ್ಲ.

ಹಾಗಂತ ಚಿಂತೆಯೇ ಬೇಡ ಅನ್ನುವಂತಿಲ್ಲ. ಆ ಅಧ್ಯಯನ ಅಳೆದದ್ದು ಕೆಲವು ದಿನಗಳ ಪರಿಣಾಮವನ್ನು, ವರ್ಷಗಟ್ಟಲೆ ನೋಡುತ್ತಾ ಬೆಳೆಯುವ ಮಗುವನ್ನಲ್ಲ. 1961ರಲ್ಲಿ ಆಲ್ಬರ್ಟ್ ಬಂಡೂರಾ ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ಕಂಡ ಚಿಕ್ಕ ಮಕ್ಕಳು ತಾವೂ ಹಾಗೇ ಹೊಡೆದಿದ್ದರು. ವಯಸ್ಸು ಇಲ್ಲಿ ದೊಡ್ಡ ವಿಷಯ. ಅದಕ್ಕೇ ಸರ್ಟಿಫಿಕೇಟ್ ಇರುವುದು.

## ಪೋಸ್ಟರ್ ಮೂಲೆಯ ಆ ಅಕ್ಷರ

1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಥಿಯೇಟರ್‌ಗೆ ಬರುವ ಪ್ರತಿ ಸಿನಿಮಾವನ್ನೂ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ ನೋಡಬೇಕು. 'ಯು' ಅಂದರೆ ಎಲ್ಲರಿಗೂ. 'ಎ' ಅಂದರೆ 18 ತುಂಬಿದವರಿಗೆ ಮಾತ್ರ. ಅಪ್ಪ-ಅಮ್ಮ ಜೊತೆಗಿದ್ದರೂ ಚಿಕ್ಕವರನ್ನು ಒಳಗೆ ಬಿಡುವಂತಿಲ್ಲ. ನಡುವಿನ 'ಯುಎ'ಯನ್ನು 2023ರ ತಿದ್ದುಪಡಿ ಮೂರು ಭಾಗ ಮಾಡಿತು: 7+, 13+, 16+. ಇವು ನಿಷೇಧಗಳಲ್ಲ. ಈ ವಯಸ್ಸಿಗಿಂತ ಚಿಕ್ಕವರಿದ್ದರೆ ಪಾಲಕರೇ ಯೋಚಿಸಿ ನಿರ್ಧರಿಸಲಿ ಅನ್ನುವ ಸೂಚನೆ. ಮೊಬೈಲಿನಲ್ಲಿ ನೋಡುವ ಒಟಿಟಿಗೆ ಈ ಮಂಡಳಿಯ ಮುದ್ರೆ ಬೇಕಿಲ್ಲ. 2021ರ ನಿಯಮಗಳ ಪ್ರಕಾರ ಕಂಪನಿಗಳು ತಾವೇ ವಯಸ್ಸು ನಮೂದಿಸುತ್ತವೆ. ಲಾಕ್ ಹಾಕುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ, ಅದನ್ನು ಮನೆಯವರೇ ಆನ್ ಮಾಡಬೇಕು.

ಕೆಟ್ಟದ್ದನ್ನು ತೋರಿಸಿದ ಮಾತ್ರಕ್ಕೆ ಹೊಗಳಿದಂತಾಗುವುದಿಲ್ಲ ಅಂತ ಸುಪ್ರೀಂ ಕೋರ್ಟೂ ಹೇಳಿದೆ. 1996ರಲ್ಲಿ 'ಬ್ಯಾಂಡಿಟ್ ಕ್ವೀನ್' ಪ್ರಕರಣದಲ್ಲಿ, ಒಂದು ದೃಶ್ಯವನ್ನು ಕಿತ್ತು ನೋಡಬೇಡಿ, ಇಡೀ ಸಿನಿಮಾ ಏನು ಹೇಳುತ್ತಿದೆ ನೋಡಿ ಅಂದಿತು.

## ಸಿನಿಮಾ ತೋರಿಸದ ಭಾಗ

ತೆರೆಯ ಮೇಲೆ ಪೊಲೀಸ್ ಜೀಪಿನ ಬಾಗಿಲು ಮುಚ್ಚಿದರೆ ಕಥೆ ಮುಗಿಯುತ್ತದೆ. ಕಾನೂನಿನಲ್ಲಿ ಅಲ್ಲಿಂದ ಶುರು.

"ನಾನು ಬರೀ ಬೈಕ್ ಓಡಿಸಿದ್ದೆ" ಅನ್ನುವ ಗೆಳೆಯ ಪ್ರತಿ ಸಿನಿಮಾದಲ್ಲೂ ಇರುತ್ತಾನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 3(5)ನೇ ಕಲಮು ಅವನಿಗೆಂದೇ ಬರೆದಂತಿದೆ. ಎಲ್ಲರೂ ಸೇರಿ ಒಂದೇ ಉದ್ದೇಶದಿಂದ ಅಪರಾಧ ಮಾಡಿದರೆ, ಪ್ರತಿಯೊಬ್ಬನೂ ಅದನ್ನು ತಾನೊಬ್ಬನೇ ಮಾಡಿದ ಹಾಗೆ ಹೊಣೆ ಹೊರಬೇಕು. ಹಿಂದೆ ಇದು ಐಪಿಸಿ 34ನೇ ಕಲಮು ಆಗಿತ್ತು. ಉದ್ದೇಶ ಒಂದೇ ಆಗಿತ್ತು ಅನ್ನುವುದನ್ನು ಮಾತ್ರ ಪೊಲೀಸರು ಸಾಬೀತು ಮಾಡಬೇಕು.

ಓಡಿಹೋದರೂ ಕೇಸು ಅಲ್ಲಿಗೇ ನಿಲ್ಲುವುದಿಲ್ಲ. ಇಂಥ ದಿನದೊಳಗೆ ಹಾಜರಾಗು ಅಂತ ನ್ಯಾಯಾಲಯ ಘೋಷಣೆ ಹೊರಡಿಸಬಹುದು, ಆಸ್ತಿ ಜಪ್ತಿ ಮಾಡಬಹುದು. ಗಂಭೀರ ಅಪರಾಧಗಳಲ್ಲಿ ಘೋಷಿತ ಅಪರಾಧಿಯ ವಿಚಾರಣೆಯನ್ನು ಅವನ ಗೈರುಹಾಜರಿಯಲ್ಲೇ ನಡೆಸಲು ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶ ಇದೆ.

18 ತುಂಬದವರಿಗೆ ಬೇರೆ ದಾರಿ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಅವರು ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತಾರೆ. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಅವರಲ್ಲಿ ಒಬ್ಬರಾದರೂ ಮಹಿಳೆ. 16 ದಾಟಿದವರ ಮೇಲೆ ಘೋರ ಅಪರಾಧದ ಆರೋಪ ಇದ್ದರೆ ಮಾತ್ರ, ದೊಡ್ಡವರ ಹಾಗೆ ವಿಚಾರಣೆ ನಡೆಸಬೇಕೇ ಅಂತ ಮಂಡಳಿ ಮೊದಲು ಪರಿಶೀಲಿಸುತ್ತದೆ. ಆಗಲೂ ಮರಣದಂಡನೆ ಇಲ್ಲ. ಮಗುವಿನ ಹೆಸರು, ಫೋಟೊ, ಶಾಲೆಯ ಗುರುತು ಪ್ರಕಟಿಸುವಂತಿಲ್ಲ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಂಚುವವರು ಇದನ್ನು ನೆನಪಿಡಬೇಕು.

ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಇವರಿಗೆ, ಹೆಂಗಸರಿಗೆ, ಮಕ್ಕಳಿಗೆ ಆದಾಯದ ಮಿತಿ ಇಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಸಹಾಯವಾಣಿ ಸಂಖ್ಯೆ 15100.